ಗುಡುಗಿನ ಬೆನ್ನು ಹತ್ತಿದ ಭಾವ

ನಮ್ಮ ಭಾವನ ಕೈಯಲ್ಲಿ ಒಂದು ಒಳ್ಳೆಯ ಫೋಟೋ ತೆಗೆಸಿಕೊಳ್ಳಬೇಕೆಂದರೆ ನೀವು ಮನುಷ್ಯರಾಗಿದ್ದರೆ ಸಾಲದು, ಮೋಡವಾಗಿರಬೇಕು. ಅದೂ ಬಿಳಿ ಮೋಡವಲ್ಲ. ಹೊಟ್ಟೆಯೊಳಗೆ ಗುಡುಗು ತುಂಬಿಕೊಂಡು, ಮೈಸೂರು ಕಡೆಯಿಂದ ಕಬಿನಿ ಹೊಳೆ ದಾಟಿ, ಯಾರ ಮನೆಯ ತೆಂಗಿನ ಮರ ಸುಡಲಿ ಎಂದು ಹುಡುಕಿಕೊಂಡು ಬರುವ ಕರಿಮೋಡ. ಅಂಥದ್ದು ಬಂದರೆ ಅವರು ಊಟದ ಮಧ್ಯೆ ಎದ್ದು ಹೋಗಿ ಸ್ವಾಗತಿಸುತ್ತಿದ್ದರು. ನೀವೋ ನಾನೋ ಹೋದರೆ ‘ಕೂತ್ಕೊ, ಗದ್ದ ಎತ್ತು, ಅಲ್ಲಾಡ್ಬೇಡ’ ಎಂಬಷ್ಟರಲ್ಲಿ ಮರ್ಯಾದೆ ಮುಗಿಯಿತು.

ಭಾವ ಎಂದರೆ ನನ್ನ ಅಕ್ಕನ ಗಂಡ. ಪುಲ್ಪಳ್ಳಿಯ ಪೇಟೆಯಲ್ಲಿ ಅವರ ಸ್ಟುಡಿಯೋ, ಅದರ ಪಕ್ಕದಲ್ಲೇ ನನ್ನ ಕರಿಮೆಣಸಿನ ಅಂಗಡಿ. ವಯನಾಡು ಆಗಿನ್ನೂ ಹೊಸ ಜಿಲ್ಲೆ. ಜಿಲ್ಲೆ ಹೊಸದಾದರೆ ಆಫೀಸು ಹೊಸದು, ಆಫೀಸು ಹೊಸದಾದರೆ ಅರ್ಜಿ ಹೊಸದು, ಅರ್ಜಿ ಎಂದ ಮೇಲೆ ಅದರ ಮೂಲೆಗೆ ಅಂಟಿಸಲು ಒಂದು ಮುಖ ಬೇಡವೇ? ಹುಟ್ಟಿದಂದಿನಿಂದ ಕ್ಯಾಮೆರಾ ಕಾಣದ ಮುದುಕರೂ ತಲೆಗೆ ಎಣ್ಣೆ ಹಚ್ಚಿಕೊಂಡು ಬಂದು ಸಾಲು ನಿಲ್ಲುತ್ತಿದ್ದರು. ಬೇರೆಯವರಾಗಿದ್ದರೆ ಆ ಕಾಲದಲ್ಲಿ ತಾರಸಿ ಮನೆ ಎಬ್ಬಿಸಿಬಿಡುತ್ತಿದ್ದರು. ನಮ್ಮ ಭಾವ ಮಾತ್ರ ಕಾಫಿ ಹೂವಿನ ಮಳೆ ಶುರುವಾಗುತ್ತಿದ್ದಂತೆ ಮಧ್ಯಾಹ್ನವೇ ಬಾಗಿಲಿಗೆ ಒಂದು ಹಲಗೆ ತೂಗುಹಾಕಿ ಹೊರಡುತ್ತಿದ್ದರು. ಅದರ ಮೇಲೆ ಮಲಯಾಳದಲ್ಲೂ ಕನ್ನಡದಲ್ಲೂ ‘ಮಳೆಗೆ ಹೋಗಿದ್ದೇನೆ’ ಎಂದು ಬರೆದಿತ್ತು. ಮಳೆ ಬಂತೆಂದು ಅಂಗಡಿ ಮುಚ್ಚುವವರನ್ನು ನೀವು ಕಂಡಿರಬಹುದು. ಮಳೆ ಬರಲಿಲ್ಲವಲ್ಲ ಎಂದು ಅಂಗಡಿ ಮುಚ್ಚಿ ಅದನ್ನು ಕರೆತರಲು ಹೋದವರು ಇವರೊಬ್ಬರೇ ಇರಬೇಕು.

ಹೋಗುವುದಾದರೂ ಯಾತರಲ್ಲಿ? ಕಾರಿಲ್ಲ, ಬೈಕಿಲ್ಲ. ಪ್ರೈವೇಟ್ ಬಸ್ಸಿನಲ್ಲಿ! ಮರದ ಮೂರುಕಾಲಿನ ಸ್ಟ್ಯಾಂಡು ಹೆಗಲ ಮೇಲೆ, ಕ್ಯಾಮೆರಾ ಎದೆಯ ಮೇಲೆ, ಕಂಕುಳಲ್ಲಿ ಕೊಡೆ. ಆ ಕೊಡೆಯೂ ಅವರಿಗಲ್ಲ, ಕ್ಯಾಮೆರಾಕ್ಕೆ. ಕಂಡಕ್ಟರ್ ಬಂದು ‘ಎವಿಡೇಕ್ಕಾ ಚೇಟ್ಟಾ?’ ಎಂದು ಎಲ್ಲಿಗೆ ಹೋಗಬೇಕೆಂದು ಕೇಳಿದರೆ ಭಾವ ಕಿಟಕಿಯಿಂದ ಕೈ ಹೊರಗೆ ಹಾಕಿ ಮೋಡ ತೋರಿಸುತ್ತಿದ್ದರು. ಕಂಡಕ್ಟರ್ ಬಗ್ಗಿ ನೋಡಿ, ಸ್ವಲ್ಪ ಯೋಚಿಸಿ, ಕೊನೆಯ ಸ್ಟಾಪಿಗೆ ಟಿಕೆಟ್ ಹರಿದು ಕೊಡುತ್ತಿದ್ದ. ಆದರೆ ಮೋಡಕ್ಕೆ ಸ್ಟಾಪಿಲ್ಲ, ಬಸ್ಸಿಗೆ ಹೆಜ್ಜೆಗೊಂದು ಸ್ಟಾಪು. ಹಾಲಿನ ಕ್ಯಾನ್ ಇಳಿಸಲು ನಿಲ್ಲಬೇಕು, ಕೋಳಿ ಹಿಡಿದ ಅಜ್ಜಿಯನ್ನು ಹತ್ತಿಸಲು ನಿಲ್ಲಬೇಕು, ಡ್ರೈವರಿನ ನಾದಿನಿ ಮನೆಯ ಮುಂದೆ ಸುಮ್ಮನೆ ನಿಲ್ಲಬೇಕು. ಭಾವ ತಲುಪುವಷ್ಟರಲ್ಲಿ ಅಲ್ಲಿ ಒದ್ದೆ ನೆಲವೂ, ‘ಎಂಥಾ ಮಳೆ ಅಂತೀರಿ’ ಎಂದು ವರ್ಣಿಸಲು ಕಾದಿರುವ ನಾಲ್ಕು ಜನರೂ ಮಾತ್ರ ಉಳಿದಿರುತ್ತಿದ್ದರು.

ಒಮ್ಮೆ ಮೋಡ ಹೊಳೆಯಾಚೆಯೇ ನಿಂತುಬಿಟ್ಟಿದೆ ಎಂದು ಪೆರಿಕ್ಕಲ್ಲೂರಿಗೆ ಹೋಗಿ ದೋಣಿ ಹತ್ತಿ ಬೈರಕುಪ್ಪೆಗೇ ದಾಟಿದರು. ರಾಜ್ಯ ಬಿಟ್ಟು ರಾಜ್ಯಕ್ಕೆ! ಅವರು ಅತ್ತ ಇಳಿಯುವುದಕ್ಕೂ ಮೋಡ ಇತ್ತ ಬರುವುದಕ್ಕೂ ಸರಿಹೋಯಿತು. ಅದು ಸೀದಾ ಬಂದು ಅವರ ಮನೆಯಂಗಳದಲ್ಲೇ ನಿಂತು ಆಲಿಕಲ್ಲು ಸುರಿಸಿತು. ನನ್ನ ಅಕ್ಕ ಇದ್ದಾಳಲ್ಲ, ಪಾಪ, ಆ ಗುಡುಗಿನಲ್ಲಿ ನಡುಗುತ್ತಲೇ ಅಂಗಳಕ್ಕೆ ಇಳಿದು ಒಂದು ಸ್ಟೀಲಿನ ತಪ್ಪಲೆ ತುಂಬ ಆಲಿಕಲ್ಲು ಆಯ್ದು, ಮೇಲೆ ತಟ್ಟೆ ಮುಚ್ಚಿ, ಅಡುಗೆಮನೆಯಲ್ಲಿ ಜೋಪಾನ ಮಾಡಿದಳು. ಭಾವ ಬಂದು ತಟ್ಟೆ ತೆಗೆದರೆ ಒಳಗೆ ನೀರು.

‘ಇದ್ಯಾಕೆ ಇಟ್ಟಿದ್ದೀಯೆ?’ ಎಂದರು.

‘ನಿಮ್ಗೇ ಕನ, ಫೋಟೋ ತಕ್ಕಳ್ಲಿ ಅಂತ,’ ಎಂದಳು ಅಕ್ಕ.

ಭಾವ ಸ್ಟ್ಯಾಂಡು ಬಿಡಿಸಿ ಆ ನೀರಿನ ಫೋಟೋ ತೆಗೆದರು. ಸ್ಟುಡಿಯೋದ ಗೋಡೆಯಲ್ಲಿ ಅದು ಬಹಳ ಕಾಲ ಇತ್ತು. ಬಂದವರು ಅದನ್ನು ತಪ್ಪಲೆಯ ಜಾಹೀರಾತೆಂದು ತಿಳಿದು ಬೆಲೆ ವಿಚಾರಿಸುತ್ತಿದ್ದರು.

ಇನ್ನೊಮ್ಮೆ ವೆಳ್ಳಮುಂಡದಲ್ಲಿ ನಮ್ಮ ನೆಂಟರ ಮನೆಯ ಮದುವೆ. ಭಾವನೇ ಫೋಟೋಗ್ರಾಫರ್. ಗಟ್ಟಿಮೇಳ ಶುರುವಾಯಿತು, ಮದುಮಗ ತಾಳಿ ಎತ್ತಿದ, ಅಷ್ಟರಲ್ಲಿ ಚಪ್ಪರದ ಹಿಂದೆ ಒಂದು ಗುಡುಗು. ಭಾವ ಕಣ್ಣು ಪಿಳುಕಿಸುವುದರೊಳಗೆ ಮಾಯ! ಆಲ್ಬಮ್ಮಿನಲ್ಲಿ ಮೊದಲು ತಾಳಿ ಎತ್ತಿ ನಿಂತ ಮದುಮಗ, ಪಕ್ಕದ ಹಾಳೆಯಲ್ಲಿ ಭರ್ಜರಿಯಾದ ಒಂದು ಮೋಡ, ಅದರ ಪಕ್ಕದಲ್ಲಿ ಪಾಯಸ ಉಣ್ಣುತ್ತಿರುವ ಜನ. ಹುಡುಗಿಯ ಅಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿ, ‘ತಾಳಿ ಕಟ್ಟಿದ್ದೆಲ್ಲಿ?’ ಎಂದು ಕೇಳಿದರು.

‘ಆ ಮೋಡ ಇದೆಯಲ್ಲ, ಅದರ ಈಚೆ ಕಡೆ,’ ಎಂದರು ಭಾವ.

ಕೊನೆಗೆ ಗಂಡುಹೆಣ್ಣನ್ನು ಮತ್ತೆ ಸಿಂಗರಿಸಿ ಸ್ಟುಡಿಯೋಗೆ ಕರೆಸಿ ಪರದೆಯ ಮುಂದೆ ಇನ್ನೊಂದು ಸಲ ತಾಳಿ ಕಟ್ಟಿಸಬೇಕಾಯಿತು. ಆ ದಂಪತಿ ಇವತ್ತಿಗೂ ಜಗಳವಾಡಿದ್ದಿಲ್ಲ. ಎರಡೆರಡು ಗಂಟು ಬಿದ್ದ ಮೇಲೆ ಹೋಗುವುದೆಲ್ಲಿಗೆ, ಎನ್ನುತ್ತಾರೆ.

ಇಷ್ಟೆಲ್ಲ ಓಡಾಡಿ ಭಾವ ಒಂದಾದರೂ ಮಿಂಚು ಹಿಡಿದರೇ ಎಂದು ನೀವು ಕೇಳಬಹುದು. ನಾವೂ ಕೇಳುತ್ತಿದ್ದೆವು. ಅವರು ಕಪ್ಪಗಿನ ಒಂದು ಫೋಟೋ ಎದುರಿಗೆ ಹಿಡಿದು, ‘ಇದು ಮಿಂಚು ಹೋದ ತಕ್ಷಣದ್ದು’ ಎನ್ನುವರು. ಇನ್ನೊಂದು ಕಪ್ಪು ಫೋಟೋ ಹಿಡಿದು, ‘ಇದು ಬರೋಕೆ ಮುಂಚಿಂದು’ ಎನ್ನುವರು. ಎರಡನ್ನೂ ಅದಲುಬದಲು ಮಾಡಿದರೂ ಗೊತ್ತಾಗುತ್ತಿರಲಿಲ್ಲ. ಮಿಂಚನ್ನು ಕಂಡ ಮೇಲೆ ಒತ್ತಿದರೆ ಕೆಲಸ ಕೆಟ್ಟಿತಂತೆ. ಕತ್ತಲಾಗುತ್ತಿರುವ ಹೊತ್ತಿನಲ್ಲಿ ಶಟರನ್ನು ತೆರೆದೇ ಇಟ್ಟು, ಇಷ್ಟು ಹೊತ್ತು ಎಂದು ಎಣಿಸಿ ಮುಚ್ಚಬೇಕು. ಅಷ್ಟರೊಳಗೆ ಬಂದ ಮಿಂಚು ನಮ್ಮದು, ಬಾರದ್ದು ಊರಿನದು. ಎಣಿಸಲು ಅವರ ಕೈಗಡಿಯಾರ ಮಳೆ ಕುಡಿದು ಎಂದೋ ನಿಂತುಹೋಗಿತ್ತು. ಅದಕ್ಕೆ ಅವರು ಕಂಡುಕೊಂಡ ಉಪಾಯ ನಮ್ಮ ಅಕ್ಕನ ಕೂಗು.

ಈ ಕೂಗಿನ ವಿಷಯ ಸ್ವಲ್ಪ ಹೇಳಬೇಕು. ಗುಡುಗು ಶುರುವಾದೊಡನೆ ಮನೆಯ ಯಜಮಾನಿ ಹೊಸಿಲ ಮೇಲೆ ನಿಂತು ಮನೆಗೆ ಸೇರಿದವರ ಹೆಸರನ್ನೆಲ್ಲ ಒಂದೊಂದಾಗಿ ಗಟ್ಟಿಯಾಗಿ ಕೂಗುವುದು ನಮ್ಮ ಎರಡು ಮನೆಗಳಲ್ಲೂ ಇದ್ದ ಪದ್ಧತಿ. ಮನೆಯಲ್ಲಿರಲಿ, ಗದ್ದೆಯಲ್ಲಿರಲಿ, ದನವಿರಲಿ, ನಾಯಿಯಿರಲಿ. ಕೂಗುವವರು ಇದ್ದವರನ್ನು ಸಿಡಿಲು ಮುಟ್ಟುವುದಿಲ್ಲ ಎಂದು ನಂಬಿಕೆ. ಕರ್ನಾಟಕದ ಕಡೆಯಿಂದ ಬರುವಾಗ ಹಿರಿಯರು ಗಂಟಿನಲ್ಲಿ ಕಟ್ಟಿಕೊಂಡು ಬಂದದ್ದೋ, ಇಲ್ಲಿಯ ಗುಡುಗು ಕೇಳಿ ಹೆದರಿ ಇಲ್ಲೇ ಹುಟ್ಟಿಸಿಕೊಂಡದ್ದೋ ಗೊತ್ತಿಲ್ಲ. ಭಾವನ ತಾಯಿ ಇರುವ ತನಕ ಅವರು ಮೊದಲು ಮಗನ ಹೆಸರನ್ನೇ ಕೂಗುತ್ತಿದ್ದರು. ಅವರು ತೀರಿಕೊಂಡ ಮೇಲೆ ಹೊಸಿಲು ಅಕ್ಕನ ಪಾಲಿಗೆ ಬಂತು. ‘ಸುಮಾ, ಬಾಬೂ, ಶಿವೂ, ನಂಜೀ, ಗೌರೀ, ಕೆಂಪೀ, ಕರಿಯಾ’ ಎಂದು ಆಕೆ ಶುರುಮಾಡುವಳು. ಮಕ್ಕಳಿಬ್ಬರು, ತಮ್ಮನಾದ ನಾನು, ತೋಟದ ಕೆಲಸಕ್ಕೆ ಬಂದು ಮನೆಯವಳೇ ಆಗಿಬಿಟ್ಟಿದ್ದ ನಂಜಿ, ಎರಡು ಹಸು, ಒಂದು ನಾಯಿ. ಭಾವ ಬಯಲಿನಲ್ಲಿ ಶಟರ್ ತೆರೆದು ಇದನ್ನೇ ಹೇಳಿಕೊಳ್ಳುತ್ತಿದ್ದರು. ‘ಇವತ್ತು ಬೆಳಕು ಜಾಸ್ತಿ, ಗೌರಿವರೆಗೆ ಸಾಕು’ ಎನ್ನುವರು. ಚೆನ್ನಾಗಿ ಕತ್ತಲೆ ಇದ್ದರೆ ಕರಿಯನವರೆಗೂ ಹೋಗುವರು.

ಈ ಪಟ್ಟಿಯಲ್ಲಿ ಯಾರೊಬ್ಬರು ಇಲ್ಲ ಎಂಬುದು ನಿಮ್ಮ ಗಮನಕ್ಕೆ ಬಂದಿರಬಹುದು. ಅಕ್ಕ ಗಂಡನ ಹೆಸರು ಹೇಳುವವಳಲ್ಲ. ಆ ಕಾಲದಲ್ಲಿ ಯಾರು ಹೇಳುತ್ತಿದ್ದರು? ರೇಷನ್ ಕಾರ್ಡಿಗೆಂದು ಹೋದಾಗ ಅಲ್ಲಿಯ ಗುಮಾಸ್ತ ಗಂಡನ ಹೆಸರು ಕೇಳಿದ್ದಕ್ಕೆ ಈಕೆ ರಸ್ತೆಗೆ ಇಳಿದು ಸ್ಟುಡಿಯೋದ ಬೋರ್ಡಿನ ಕಡೆ ಬೆರಳು ತೋರಿಸಿದ್ದಳು. ಗುಡುಗಿಗೂ ಅಷ್ಟೇ. ನಾಯಿಯ ಹೆಸರೂ ಮುಗಿದ ಮೇಲೆ ಸ್ವಲ್ಪ ತಡೆದು, ಆಕಾಶದ ಕಡೆ ನೋಡಿ, ಮೆಲ್ಲಗೆ ‘ಇವ್ರು’ ಎಂದು ಸೇರಿಸುವಳು.

‘ಇವ್ರು ಅಂದ್ರೆ ಸಿಡಿಲಿಗೆ ಯಾರು ಅಂತ ತಿಳೀಬೇಕು?’ ಎಂದು ಭಾವ ಚುಡಾಯಿಸುವರು. ‘ಈ ಜಿಲ್ಲೇಲಿರೋ ಗಂಡಂದಿರೆಲ್ಲ ಇವ್ರೇ. ನಮ್ಮನೇಲಿ ನಾಯಿಗೂ ಕಾವಲೈತೆ, ನಂಗಿಲ್ಲ ನೋಡು ಶಿವು.’

ಅಕ್ಕ ನಗುತ್ತಿರಲಿಲ್ಲ. ಅವಳಿಗೆ ಅದು ನಿಜವಾದ ಭಯ. ಊರಿಗೆಲ್ಲ ಕೂಗುವವರಿದ್ದಾರೆ, ಸಿಡಿಲನ್ನು ಹುಡುಕಿಕೊಂಡು ಹೋಗುವ ಈ ಒಬ್ಬ ಮನುಷ್ಯನಿಗೆ ಮಾತ್ರ ಇಲ್ಲ. ಕೂಗಬೇಕಾದ ಬಾಯಿ ತನ್ನದೇ, ಆ ಬಾಯಿಗೆ ಹೆಸರು ಬರುವುದಿಲ್ಲ. ಒಂದು ಸಲ ಹಾಲು ಕಾಯಿಸುತ್ತ, ‘ಅವ್ರಿಗೇನಾರ ಆದ್ರೆ ನನ್ನಿಂದ್ಲೇ ಕನೊ ಆಗೋದು’ ಎಂದು ಕಣ್ಣೊರೆಸಿಕೊಂಡಳು. ಆಮೇಲೆ ಅವಳೇ ಒಂದು ದಾರಿ ಹುಡುಕಿದಳು. ‘ನೀನು ಅವ್ರ ಜೊತೇಲಿ ಹೋಗು. ನಾನು ನಿನ್ನ ಹೆಸ್ರು ಜೋರಾಗಿ ಕೂಗ್ತೀನಿ. ಪಕ್ದಲ್ಲೇ ನಿಂತ್ಕೊಂಡ್ರೆ ಅವ್ರಿಗೂ ಆಯ್ತದೆ.’

ಹೀಗೆ ಮೆಣಸಿನ ವ್ಯಾಪಾರಿಯಾದ ನಾನು ಭಾವನಿಗೆ ಸಿಡಿಲು ತಡೆಯುವ ತಗಡಾದೆ. ಮೋಡ ಎದ್ದರೆ ಮೆಣಸಿನ ಚೀಲ ಕಟ್ಟಿಟ್ಟು ಅವರ ಹಿಂದೆ ಹೋಗಿ, ಎಷ್ಟು ಸಾಧ್ಯವೋ ಅಷ್ಟು ಅಂಟಿಕೊಂಡು ನಿಲ್ಲುವುದು ನನ್ನ ಕೆಲಸ. ‘ಸ್ವಲ್ಪ ಸರ್ಕೊಳೋ, ಸ್ಟ್ಯಾಂಡು ಅಲ್ಲಾಡ್ತದೆ’ ಎಂದು ಅವರು, ‘ಅಕ್ಕ ಬಯ್ತಾಳೆ ಭಾವ’ ಎಂದು ನಾನು.

ಒಂದು ದಿನ ಬೆಳಗ್ಗೆ ನಾನು ಮೆಣಸು ಕೊಳ್ಳಲು ಕೇಣಿಚಿರಕ್ಕೆ ಹೋಗಿದ್ದೆ. ಆಕಾಶ ತೊಳೆದಿಟ್ಟಂತಿತ್ತು. ಸಂಜೆಗೆ ಬಸ್ಸಿನಲ್ಲಿ ಬರುತ್ತಿದ್ದಾಗ ಒಮ್ಮೆಗೇ ಗಾಳಿ ಎದ್ದು ಸುತ್ತಲೂ ಕತ್ತಲು ಕವಿಯಿತು. ಅಕ್ಕನ ಮನೆಯ ಹತ್ತಿರ ಇಳಿದು ಓಡಿದೆ. ಅಕ್ಕ ಹೊಸಿಲ ಮೇಲೆ ನಿಂತು ನನ್ನ ಹೆಸರನ್ನೇ ಮತ್ತೆ ಮತ್ತೆ ಕೂಗುತ್ತಿದ್ದಳು. ನಾನು ಎದುರಿಗೆ ಬಂದು ನಿಂತದ್ದನ್ನು ಕಂಡು ತೆರೆದ ಬಾಯಿ ಹಾಗೇ ಉಳಿಯಿತು.

‘ನೀನು ಇವ್ರ ಜೊತೇಲಿಲ್ವಾ?’

‘ಈಗ ಬಸ್ ಇಳಿದೆ ಅಕ್ಕ.’

‘ಗದ್ದೆ ವಯಲಿಗೆ ಹೋಗವ್ರೆ. ನೀನೂ ಅಲ್ಲೇ ಇದ್ದೀಯ ಅಂದ್ಕೊಂಡು…’

ಮಾತು ಮುಗಿಸಲಿಲ್ಲ. ಗುಡುಗಿಗೆ ಕಿವಿಗೆ ಸೆರಗು ತುರುಕಿಕೊಳ್ಳುತ್ತಿದ್ದವಳು, ಆಲಿಕಲ್ಲು ಆಯ್ದ ಆ ಒಂದು ದಿನ ಬಿಟ್ಟರೆ ಮಿಂಚಿನಲ್ಲಿ ಹೊಸಿಲು ದಾಟದವಳು, ಚಪ್ಪಲಿಯೂ ಇಲ್ಲದೆ ಗದ್ದೆಯ ಬದುವಿಗೆ ಇಳಿದುಬಿಟ್ಟಳು. ನಾನು ಹಿಂದೆ ಓಡಿದೆ. ಕುಯ್ಲು ಮುಗಿದ ಗದ್ದೆ, ಬರೀ ಬಯಲು, ಅದರ ಆಚೆ ತುದಿಯಲ್ಲಿ ಕೊಡೆ ಕಟ್ಟಿದ ಸ್ಟ್ಯಾಂಡು, ಪಕ್ಕದಲ್ಲಿ ಭಾವ. ಸುತ್ತಮುತ್ತ ಅವರಿಗಿಂತ ಎತ್ತರದ್ದು ಏನೂ ಇಲ್ಲ. ಗಾಳಿಯಲ್ಲಿ ಅವರ ಎಣಿಕೆ ತೇಲಿ ಬರುತ್ತಿತ್ತು, ‘ಶಿವೂ… ನಂಜೀ…’

‘ಇವ್ರೇ!’ ಎಂದು ಅಕ್ಕ ಕೂಗಿದಳು. ಗುಡುಗು ನುಂಗಿತು. ‘ಏನೂಂದ್ರೆ!’ ಎಂದಳು. ಅದನ್ನೂ ನುಂಗಿತು. ಭಾವ ತಿರುಗಲಿಲ್ಲ. ಅವರ ಎಣಿಕೆ ಕರಿಯನವರೆಗೆ ಬಂದು ನಿಂತಿತು.

ಆಗ ನನ್ನ ಅಕ್ಕ ಬದುವಿನ ಮೇಲೆ ನಿಂತು, ಬಾಯಿಗೆ ಎರಡೂ ಕೈ ಅಡ್ಡ ಹಿಡಿದು, ಇದ್ದ ಶಕ್ತಿಯನ್ನೆಲ್ಲ ಒಟ್ಟುಗೂಡಿಸಿ ಅವರ ಹೆಸರು ಕೂಗಿದಳು. ಪೂರ್ತಿ ಹೆಸರು, ಬೋರ್ಡಿನ ಮೇಲೆ ಇದ್ದ ಹಾಗೆ. ಅವರ ತಾಯಿ ಹೋದ ಮೇಲೆ ಆ ಮನೆಯಿಂದ ಆ ಹೆಸರು ಹೊರಟದ್ದು ಅದೇ ಮೊದಲು.

ಭಾವ ತಿರುಗಿ ನೋಡಿದರು. ಕ್ಯಾಮೆರಾವೂ ಅವರ ಕೈಯ ಜೊತೆಗೇ ತಿರುಗಿತು. ಮುಚ್ಚಬೇಕಿದ್ದ ಶಟರ್ ತೆರೆದೇ ಇತ್ತು. ಬಯಲೆಲ್ಲ ಹಗಲಾಗುವಂಥ ಒಂದು ಮಿಂಚು ಬಂತು. ಆಮೇಲೆ ಅವರು ಶಟರ್ ಮುಚ್ಚಿ, ಅಂಗಿ ಬಿಚ್ಚಿ ಕ್ಯಾಮೆರಾಕ್ಕೆ ಸುತ್ತಿ, ಅಷ್ಟು ಒಳ್ಳೆಯ ಮೋಡಕ್ಕೆ ಬೆನ್ನು ತೋರಿಸಿ ನಮ್ಮ ಕಡೆ ಓಡಿ ಬಂದರು.

‘ನೀನ್ಯಾಕೆ ಬಂದೆ, ನಿನ್ ಮೇಲೆ ಬಿದ್ದಿದ್ರೆ?’ ಎಂದರು ಭಾವ.

‘ಬಿದ್ರೆ ಇಬ್ರ ಮೇಲೂ ಬೀಳ್ಲಿ ಅಂತ ಬಂದೆ,’ ಎಂದಳು ಅಕ್ಕ.

ಭಾವ ಸಿಡಿಲು ಬಡಿದವರ ಹಾಗೆ ನಿಂತದ್ದನ್ನು ನಾನು ನೋಡಿದ್ದು ಆಗಲೇ.

ಮರುದಿನ ತೊಳೆದ ಆ ಫೋಟೋ ಈಗಲೂ ಸ್ಟುಡಿಯೋದಲ್ಲಿದೆ, ತಪ್ಪಲೆಯ ಜಾಗದಲ್ಲಿ. ಎಲ್ಲವೂ ಸ್ವಲ್ಪ ಕಲಸಿಕೊಂಡಿದೆ. ಮಿಂಚು ಬಲಗಡೆಯ ಅಂಚಿನಲ್ಲಿ ಅರ್ಧ ತುಂಡಾಗಿದೆ. ಮಧ್ಯದಲ್ಲಿ ಬದುವಿನ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದ ಒಬ್ಬ ಹೆಂಗಸು. ಅವಳ ಹಿಂದೆ ಒಂದು ಕಪ್ಪು ಚುಕ್ಕೆ ಇದೆ, ಅದು ನಾನು, ಅದನ್ನು ಯಾರೂ ಕೇಳುವುದಿಲ್ಲ. ಅಕ್ಕ ಮಾರನೆಯ ದಿನವೇ ಮತ್ತೆ ‘ಇವ್ರು’ ಎಂಬಲ್ಲಿಗೆ ಮರಳಿದಳು. ಆದರೆ ಗುಡುಗಿದಾಗ ಮಾತ್ರ ಪಟ್ಟಿ ಮುಗಿಸಿ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಬಾಯಿಗೆ ಸೆರಗು ಅಡ್ಡ ಹಿಡಿದು ಇನ್ನೊಂದು ಹೆಸರನ್ನು ಪಿಸುಗುಡುತ್ತಾಳೆ. ಆ ಹೆಸರು ಯಾವುದೆಂದು ನಾನು ಇಲ್ಲಿ ಬರೆಯುವುದಿಲ್ಲ. ಅಷ್ಟು ಕಷ್ಟಪಟ್ಟು ಅವಳು ಹೇಳುವುದನ್ನು ನಾನು ಪುಕ್ಕಟೆಯಾಗಿ ಹೇಳಿಬಿಟ್ಟರೆ ಚೆನ್ನಾಗಿರುವುದಿಲ್ಲ.

ಮೊನ್ನೆ ಪಾಸ್‌ಪೋರ್ಟ್ ಫೋಟೋಗೆಂದು ಬಂದ ಒಬ್ಬರು ಗೋಡೆ ನೋಡಿ, ‘ಮಿಂಚು ಅರ್ಧ ಹೋಗ್ಬುಟ್ಟಿದೆಯಲ್ಲ ಸ್ವಾಮಿ,’ ಎಂದರು. ‘ಹೋಗ್ಲಿ ಬುಡಿ,’ ಎಂದರು ಭಾವ.

‘ಈ ಹೆಂಗಸು ನಡುವೆ ನಿಂತ್ಕೊಂಡು ಏನ್ಮಾಡ್ತಾವ್ಳೆ?’

ಭಾವ ಅವರ ಗದ್ದವನ್ನು ಸ್ವಲ್ಪ ಎತ್ತಿ, ಕ್ಯಾಮೆರಾದ ಹಿಂದಕ್ಕೆ ಹೋಗಿ ಬಗ್ಗಿ ನಿಂತು ಹೇಳಿದರು.

‘ಫೋಟೋ ತಗ್ದವನ ಹೆಸ್ರು ಹೇಳ್ತಾವ್ಳೆ.’