ಮೂರಂತಸ್ತಿನ ಕೇಕು, ನಾಲ್ಕು ಟೈರು

ನಮ್ಮ ಕಾರಿಗೆ ಹೊಸ ಟೈರು ಆರಿಸುವ ಮಹತ್ಕಾರ್ಯವನ್ನು ನಾನೊಬ್ಬನೇ ನಡೆಸಿಕೊಡುತ್ತೇನೆ, ಬೇರೆ ಯಾರೂ ನಡುವೆ ಬಾಯಿ ಹಾಕಕೂಡದು ಎಂದು ಊಟದ ಮೇಜಿನ ಮುಂದೆ ಎದ್ದು ನಿಂತು ಘೋಷಿಸಿದೆ. ಹೆಂಡತಿ ತಟ್ಟೆಯಿಂದ ತಲೆ ಎತ್ತಲಿಲ್ಲ. ಅತ್ತೆ ಮಾತ್ರ ನೀರಿನ ಲೋಟವನ್ನು ನನ್ನತ್ತ ಸರಿಸಿ, “ಕೂತ್ಕೊಂಡು ಹೇಳಿ ಅಳಿಯಂದ್ರೇ. ನಿಂತು ಹೇಳಿದ್ರೆ ಟೈರೇನು ಅಗ್ಗ ಆಗುತ್ತಾ?” ಎಂದರು.

ನಾನು ಕೂರಲಿಲ್ಲ. ವಾರಕ್ಕೊಮ್ಮೆ ಪತ್ರಿಕೆಯಲ್ಲಿ ಒಡೆದ ಚರಂಡಿ, ಉರಿಯದ ಬೀದಿದೀಪ, ಅಂಗಡಿಗಳು ನುಂಗಿದ ಕಾಲುದಾರಿ ಇವುಗಳ ಪರವಾಗಿ ಕೆಂಡ ಕಾರುವ ಮನುಷ್ಯ ನಾನು. ಶಾಲೆ ನನಗೆ ಕಲಿಸಿದ್ದು ಅಷ್ಟಕ್ಕಷ್ಟೆ. ಉಳಿದದ್ದೆಲ್ಲ ನಾನೇ ಓದಿ, ಓದಿ ಕೆರಳಿ, ಕೆರಳಿ ಮತ್ತಷ್ಟು ಓದಿ ದಕ್ಕಿಸಿಕೊಂಡದ್ದು. ಅಂಥವನಿಗೆ ನಾಲ್ಕು ರಬ್ಬರಿನ ಬಳೆ ಆರಿಸುವುದು ಯಾವ ಮಹಾ?

ಟೈರಿನ ಮಾತು ಹುಟ್ಟಿದ್ದು ಕೇಕಿನಿಂದ. ನನ್ನ ಹೆಂಡತಿ ಮನೆಯಲ್ಲೇ ಕೇಕು ಮಾಡಿ ಮಾರುತ್ತಾಳೆ. ತಲುಪಿಸುವ ಸಾರಥ್ಯ ನನ್ನದು. ನಮ್ಮ ಅಡುಗೆಮನೆಯಿಂದ ಅರಮನೆಯಂತೆ ಹೊರಟ ಕೇಕು ಗಿರಾಕಿಯ ಮನೆ ಮುಟ್ಟುವ ಹೊತ್ತಿಗೆ ಹಾಳು ಕೋಟೆಯಾಗಿರುತ್ತಿತ್ತು. ತಪ್ಪು ಟೈರಿನದು. ಅವು ನನ್ನ ನೆತ್ತಿಯಷ್ಟೇ ನುಣುಪಾಗಿದ್ದವು, ಆದರೆ ನೆತ್ತಿಗಿಂತ ಗಡಸು. ಸಣ್ಣ ಕಲ್ಲು ಹತ್ತಿ ಇಳಿದರೂ ಬೆನ್ನುಮೂಳೆಯ ಮಣಿಗಳು ಒಂದೊಂದಾಗಿ ಹಾಜರಿ ಹೇಳುತ್ತಿದ್ದವು. ಸದ್ದಂತೂ ಹಿಟ್ಟಿನ ಗಿರಣಿಯೊಳಗೆ ಕೂತ ಹಾಗೆ.

ಹೀಗಿರುವಾಗ ಗ್ರಂಥಾಲಯದಿಂದ ಒಂದು ದೊಡ್ಡ ಆರ್ಡರ್ ಬಂತು. ಅಲ್ಲಿನ ಹಿರಿಯ ಗ್ರಂಥಪಾಲಕಿ ನಿವೃತ್ತಿಯಾಗುವವರಿದ್ದರು. ಬೀಳ್ಕೊಡುಗೆಗೆ ಮೂರಂತಸ್ತಿನ ಕೇಕು ಬೇಕಂತೆ.

“ಇದೊಂದು ನೆಟ್ಟಗೆ ತಲುಪಲಿ ಸಾಕು ರೀ,” ಎಂದಳು ಹೆಂಡತಿ. “ಊರಿನ ಅರ್ಧ ಜನ ಅಲ್ಲಿರ್ತಾರೆ. ಇದೂ ಒಡೆದು ಹೋದ್ರೆ ನಾನು ಈ ಕೆಲಸಕ್ಕೇ ಕೈ ಮುಗಿದುಬಿಡ್ತೀನಿ. ‘ಅವಳ ಕೇಕಾ? ಚಮಚದಲ್ಲಿ ಬಳಿದು ತಿನ್ಬೇಕು’ ಅಂತ ಆಗಲೇ ಜನ ಆಡ್ಕೋತಿದ್ದಾರೆ.”

ಆದ್ದರಿಂದಲೇ ನನ್ನ ಘೋಷಣೆ.

ಅಧ್ಯಯನ ಆರಂಭವಾಯಿತು. ಸಿಕ್ಕಸಿಕ್ಕವರ ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಟೈರು ಸವರಿದೆ. ಬ್ಯಾಂಕಿನ ಮುಂದೆ ಹೀಗೆ ಕೂತಿದ್ದಾಗ ಕಾವಲುಗಾರ ಬಂದು, “ಗಾಳಿ ಬಿಡ್ತಿದ್ದೀಯಾ?” ಎಂದು ಕಾಲರಿಗೆ ಕೈ ಹಾಕಿದ. ಸಂಶೋಧನೆ ಎಂದೆ. “ಅದನ್ನ ನಿಮ್ಮನೆ ಮುಂದೆ ಮಾಡ್ಕೋ” ಎಂದು ಎಬ್ಬಿಸಿ ಕಳಿಸಿದ. ಜ್ಞಾನದ ಹಾದಿಯಲ್ಲಿ ಇಂಥ ಅವಮಾನಗಳು ಇದ್ದದ್ದೇ.

ಕೊನೆಗೆ ಹೆಂಡತಿಯನ್ನೂ ಅತ್ತೆಯನ್ನೂ ಸಾಕ್ಷಿಗೆಂದು ಕರೆದುಕೊಂಡು ಟೈರಂಗಡಿಗೆ ಹೋದೆ.

“ನಿಮಗೆ ಎಂಥದು ಬೇಕು ಸಾರ್?” ಎಂದ ಅಂಗಡಿಯವನು.

“ಬಿಸಿಲು, ಮಳೆ, ಚಳಿ ಎಲ್ಲಕ್ಕೂ ಒಗ್ಗಬೇಕು. ಕೂತವರಿಗೆ ಹಂಸತೂಲಿಕಾತಲ್ಪದಲ್ಲಿ ಮಲಗಿದ ಹಾಗಿರಬೇಕು. ಸದ್ದು ಬರಕೂಡದು. ರಸ್ತೆ ಬಿಟ್ಟು ಜಾರಕೂಡದು.”

“ಎಲ್ಲ ಕಾಲಕ್ಕೂ ಆಗೋ ಟೈರ್ ಇದೆ ಸಾರ್. ಆದ್ರೆ ಆಮೇಲೆ ಹೇಳಿದ್ರಲ್ಲ ಮೂರು, ಅದು ಮೂರೂ ನೂರಕ್ಕೆ ನೂರು ಒಂದ್ರಲ್ಲೇ ಸಿಗಲ್ಲ.” ಎರಡು ಟೈರು ಉರುಳಿಸಿಕೊಂಡು ಬಂದ. “ಇದು ಮೆತ್ತಗಿದೆ, ಸದ್ದಿಲ್ಲ. ಆದ್ರೆ ಒದ್ದೆ ರಸ್ತೇಲಿ ಬ್ರೇಕ್ ಹಾಕಿದ್ರೆ ಸ್ವಲ್ಪ ಮುಂದೆ ಹೋಗಿ ನಿಲ್ಲುತ್ತೆ. ಅದು ಒದ್ದೇಲೂ ಕಚ್ಕೊಂಡು ನಿಲ್ಲುತ್ತೆ. ಆದ್ರೆ ಸ್ವಲ್ಪ ಗಟ್ಟಿ, ಸ್ವಲ್ಪ ಗುಂಯ್ ಅನ್ನುತ್ತೆ.”

ನಾನು ಮೊದಲನೆಯದನ್ನು ಹಣ್ಣು ನೋಡುವಂತೆ ಹೆಬ್ಬೆರಳಿನಿಂದ ಒತ್ತಿದೆ. ಬಗ್ಗಿ ಅದಕ್ಕೆ ಕಿವಿ ಕೊಟ್ಟೆ. ಪರಮ ಶಾಂತಿ.

“ಸದ್ದೇ ಇಲ್ಲ,” ಎಂದೆ.

“ಅದಿನ್ನೂ ಉರುಳ್ತಿಲ್ಲವಲ್ಲ ಸಾರ್,” ಎಂದ ಅಂಗಡಿಯವನು.

ಹೆಂಡತಿ ಎರಡನೆಯ ಟೈರಿನ ಗೆರೆಗಳಲ್ಲಿ ಬೆರಳಾಡಿಸುತ್ತ ನಿಂತಿದ್ದಳು. “ಮಳೆಗಾಲ ಬೇರೆ. ಕಚ್ಕೊಂಡು ನಿಲ್ಲೋದೇ ಒಳ್ಳೇದಲ್ವೇನ್ರೀ?”

“ಮಳೆಯಲ್ಲಿ ನಾನು ನಿಧಾನವಾಗಿ ಓಡಿಸ್ತೀನಿ.”

“ನೀವು ನಿಧಾನವಾಗಿ ಓಡಿಸಿದ್ದು ಮದುವೆ ಆದ ದಿನ ಒಂದೇ.”

“ಅವತ್ತೂ ಪೆಟ್ರೋಲ್ ಮುಗೀತಾ ಬಂದಿತ್ತು,” ಎಂದು ಅತ್ತೆ ದಾಖಲೆ ತಿದ್ದಿದರು.

ನಾನು ಕೈ ಎತ್ತಿ ಸಭೆ ಮುಗಿಸಿದೆ. “ಯಾರ ಕೇಕು ಉಳಿಸೋಕೆ ಇಷ್ಟೆಲ್ಲ ಒದ್ದಾಟ? ನಿನ್ನದು. ಮೆತ್ತನೆಯದೇ ಸರಿ. ನಾಲ್ಕು ಹಾಕಿ.”

ಆ ಅಳತೆಯವು ನಾಲ್ಕೂ ಅಂಗಡಿಯಲ್ಲಿರಲಿಲ್ಲ. ಮರುದಿನ ಬನ್ನಿ ಎಂದ. ಮರುದಿನ ನನಗೆ ಅಂಕಣ ಬರೆದು ಕಳಿಸಬೇಕಿತ್ತು. ನಡೆದು ಹೋಗುವವರನ್ನು ಇರುವೆಗಿಂತ ಕಡೆಯಾಗಿ ಕಾಣುವ ಕಾರಿನವರಿಗೆ ಆ ವಾರ ಛೀಮಾರಿ ಹಾಕುವುದಿತ್ತು. ಇಂಥ ಲೋಕಕಲ್ಯಾಣದ ನಡುವೆ ಟೈರಂಗಡಿಯಲ್ಲಿ ಹೋಗಿ ಕೂರಲಾದೀತೇ? ಹೆಂಡತಿಯೇ ಕಾರು ಒಯ್ದು ಹಾಕಿಸಿಕೊಂಡು ಬಂದಳು.

ಸಂಜೆ ಇಬ್ಬರನ್ನೂ ಕೂರಿಸಿಕೊಂಡು ವಿಜಯಯಾತ್ರೆ ಹೊರಟೆ.

“ಕೇಳು,” ಎಂದೆ ಹೆಂಡತಿಗೆ.

“ಏನನ್ನ?”

“ಏನೂ ಕೇಳಿಸ್ತಿಲ್ವಲ್ಲ, ಅದನ್ನ.”

“ಗುಂಯ್ ಅಂತಿದೆಯಲ್ರೀ.”

“ಅದು ಇಂಜಿನ್ನು.”

“ನನಗೂ ಗುಂಯ್ ಅಂತಾನೇ ಕೇಳ್ತಿದೆ,” ಎಂದರು ಹಿಂದಿನಿಂದ ಅತ್ತೆ.

“ಅದು ನಿಮ್ಮ ಕಿವಿ ಅತ್ತೆ. ಇಷ್ಟು ವರ್ಷ ಆ ಗಿರಣಿ ಸದ್ದು ಕೇಳಿ ಕೇಳಿ ಒಳಗೇ ಉಳ್ಕೊಂಡುಬಿಟ್ಟಿದೆ. ಎರಡು ದಿನದಲ್ಲಿ ಇಳಿಯುತ್ತೆ.”

ತಾಯಿಮಗಳು ಕನ್ನಡಿಯಲ್ಲಿ ಪರಸ್ಪರ ಮುಖ ನೋಡಿಕೊಂಡರು. ನನ್ನ ಆಯ್ಕೆಗೆ ಮೂಕವಿಸ್ಮಿತರಾಗಿದ್ದಾರೆ ಎಂದುಕೊಂಡೆ.

ಬೀಳ್ಕೊಡುಗೆಯ ದಿನ ಬೆಳಗಿನಿಂದ ಮಳೆ ಜಡಿ ಹಿಡಿದಿತ್ತು. ಕೇಕು ಮಾತ್ರ ಏನು ಹೇಳಲಿ, ಮೂರು ಬಿಳಿಯ ಅಂತಸ್ತು, ಒಳಗೆ ಕೆಂಪು ಚೆರ್ರಿ ಜಾಮು, ತುದಿಯಲ್ಲಿ ಸಕ್ಕರೆಯಲ್ಲಿ ಮಾಡಿದ ತೆರೆದ ಪುಸ್ತಕ. ಎತ್ತರ ಹೆಚ್ಚಾಗಿ ಡಬ್ಬದ ಮುಚ್ಚಳ ಕೂರಲಿಲ್ಲ. ಅತ್ತೆ ಹಿಂದಿನ ಸೀಟಿನ ನಟ್ಟನಡುವೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಉಸಿರು ಬಿಗಿಹಿಡಿದು ಕೂತರು. ಹೆಂಡತಿ ನನ್ನ ಪಕ್ಕ ಕೂತು ಹಿಂದಕ್ಕೆ ತಿರುಗಿಕೊಂಡೇ ಇದ್ದಳು.

ಅರ್ಧ ದಾರಿ ಸುಖವಾಗಿ ಸಾಗಿತು. ಪುಸ್ತಕದ ಹಾಳೆಯೂ ಅಲುಗಲಿಲ್ಲ.

“ಸ್ವಲ್ಪ ನಿಧಾನ ರೀ.”

“ಇದಕ್ಕಿಂತ ನಿಧಾನ ಹೋದ್ರೆ ಆ ಅಮ್ಮ ಇನ್ನೊಂದು ಸಲ ನಿವೃತ್ತಿ ಆಗ್ತಾರೆ. ಹೆದರಬೇಡ. ಟೈರು ಯಾರು ಆರಿಸಿದ್ದು ಅನ್ಕೊಂಡಿದ್ದೀಯ?”

ಮಾತು ಬಾಯಲ್ಲಿತ್ತು. ಎದುರಿನ ಕಾಲುದಾರಿಯಲ್ಲಿ ಹೆಂಗಸೊಬ್ಬರ ಕೊಡೆ ಗಾಳಿಗೆ ಸಿಕ್ಕಿ ತಿರುಗುಮುರುಗಾಯಿತು. ಅದರ ಜೊತೆ ಕುಸ್ತಿ ಹಿಡಿಯುತ್ತಲೇ ಅವರು ರಸ್ತೆಗೆ ಇಳಿದರು. ನಾನು ಬ್ರೇಕಿನ ಮೇಲೆ ಎರಡೂ ಕಾಲಲ್ಲಿ ನಿಂತೆ.

ಕಾರು ನಿಂತಿತು. ನೆಲಕ್ಕೆ ಮೊಳೆ ಹೊಡೆದ ಹಾಗೆ ನಿಂತಿತು. ಕಾರಿನ ಮೂತಿಗೂ ಆ ಅಮ್ಮನ ಮೊಣಕಾಲಿಗೂ ನಡುವೆ ಒಂದು ಕೊಡೆ ಮಡಚಿ ಇಡುವಷ್ಟು ಜಾಗ ಉಳಿದಿತ್ತು.

ಆದರೆ ಕಾರು ನಿಂತ ಸುದ್ದಿ ಕೇಕಿಗೆ ತಲುಪಿರಲಿಲ್ಲ. ಮೇಲಂತಸ್ತು ನನ್ನ ಹೆಗಲು ದಾಟಿ ಹಾರಿ ಸ್ಟಿಯರಿಂಗಿನ ಮೇಲೆ ಇಳಿಯಿತು. ನಡುವಿನದು ಅಷ್ಟು ದೂರ ಹೋಗುವ ಉತ್ಸಾಹವಿಲ್ಲದೆ ನನ್ನ ನೆತ್ತಿಯ ಮೇಲೇ ತಂಗಿತು. ಬುಡದ ಅಂತಸ್ತನ್ನು ಅತ್ತೆ ಹಸುಗೂಸನ್ನು ಹಿಡಿದ ಹಾಗೆ ಎರಡೂ ಕೈಯಲ್ಲಿ ಅವುಚಿ ಉಳಿಸಿಕೊಂಡಿದ್ದರು.

ಕೊಡೆಯಮ್ಮ ಕಿಟಕಿಯ ಬಳಿ ಧಾವಿಸಿ ಬಂದರು. “ಕಣ್ಣೇನು ಜೇಬಲ್ಲಿಟ್ಕೊಂಡು ಓಡಿಸ್ತೀರಾ?” ಎಂದು ಶುರು ಮಾಡಿದವರು ನನ್ನ ತಲೆ ನೋಡಿ ಬಿಳಿಚಿಕೊಂಡರು. ಬಿಳಿಯ ಮುದ್ದೆಯೊಂದಿಗೆ ಕೆಂಪು ರಸ ಕಿವಿಯ ಹಿಂದಿನಿಂದ ಇಳಿಯುತ್ತಿತ್ತು. “ಅಯ್ಯೋ ದೇವರೇ, ಮೆದುಳೇ ಹೊರಗೆ ಬಂದಿದೆ!”

ಹೆಂಡತಿ ಬೆರಳಿನಿಂದ ನನ್ನ ಹಣೆ ಸವರಿ ನೆಕ್ಕಿ ನೋಡಿದಳು. “ಚೆರ್ರಿ ಜಾಮು,” ಎಂದಳು. “ಗಾಬರಿ ಆಗ್ಬೇಡಿ. ತಲೆ ಒಡೆದಿಲ್ಲ. ಒಳಗೆ ಎಷ್ಟಿತ್ತೋ ಅಷ್ಟೂ ಹಾಗೇ ಇದೆ.”

ಕೊಡೆಯಮ್ಮ ನಕ್ಕರು. ನಗುತ್ತಲೇ ಅತ್ತರು. “ತಪ್ಪು ನನ್ನದೇ. ಕೊಡೆ ಕಡೆ ನೋಡ್ತಾ ಇಳಿದುಬಿಟ್ಟೆ. ನೀವು ಹಾಗೆ ನಿಲ್ಲಿಸದೆ ಇದ್ದಿದ್ರೆ ನಾನೀಗ ಇರ್ತಿರಲಿಲ್ಲ ಸಾರ್. ನನ್ನ ಪ್ರಾಣ ಉಳಿಸಿದ್ರಿ.”

ನಾನು ಹುಬ್ಬಿನ ಮೇಲಿನ ಕ್ರೀಮು ಒರೆಸಿಕೊಂಡು ವಿನಯದ ಮುಖ ಧರಿಸಿದೆ. “ನಾನೇನು ಮಾಡ್ದೆ ತಾಯಿ. ಎಲ್ಲ ಟೈರಿನ ಮಹಿಮೆ. ಊರೆಲ್ಲ ಅಲೆದು, ಬೈಸಿಕೊಂಡು, ನಾನೇ ಆರಿಸಿದ್ದು.”

ಹೆಂಡತಿ ಹಿಂದಕ್ಕೆ ತಿರುಗಿ ತಾಯಿಯತ್ತ ನೋಡಿದಳು.

“ಹೇಳ್ಬಿಡೇ,” ಎಂದರು ಅತ್ತೆ. “ಎಷ್ಟು ದಿನ ಗುಂಯ್ ಅನ್ನೋದನ್ನ ನನ್ನ ಕಿವಿ ಮೇಲೆ ಹಾಕ್ತಾರೆ?”

ಹೆಂಡತಿ ಸ್ಟಿಯರಿಂಗಿನ ಮೇಲೆ ಬಿದ್ದಿದ್ದ ಸಕ್ಕರೆಯ ಪುಸ್ತಕವನ್ನು ಮೆಲ್ಲಗೆ ಎತ್ತಿಕೊಂಡಳು. “ನೀವು ಆರಿಸಿದ್ದು ಹಾಕಿಸಲಿಲ್ಲ ರೀ. ಆ ಇನ್ನೊಂದನ್ನ ಹಾಕಿಸ್ದೆ.”

“ಮತ್ತೆ ಕೇಕು? ನಿನ್ನ ಕೇಕಿಗೋಸ್ಕರ ತಾನೇ ನಾನು ಮೆತ್ತನೆಯದು...”

“ಕೇಕ್ ಒಡೆದ್ರೆ ಇನ್ನೊಂದು ಮಾಡ್ತೀನಿ.” ಅವಳು ಕಿಟಕಿಯಾಚೆ ನೆನೆಯುತ್ತ ನಿಂತಿದ್ದವರತ್ತ ನೋಡಿದಳು, ಅಷ್ಟೆ.

ನನಗೆ ಬೇಡವೆಂದರೂ ಚಿತ್ರ ಕಣ್ಣಿಗೆ ಕಟ್ಟಿತು. ನಾನು ಆರಿಸಿದ ಟೈರಿನ ಮೇಲೆ ನನ್ನ ಕಾರು ಮೆತ್ತಗೆ, ಹಾಯಾಗಿ, ಚೂರೂ ಸದ್ದಿಲ್ಲದೆ ಇನ್ನು ಸ್ವಲ್ಪ ಮುಂದೆ ಹೋಗಿ ನಿಂತಿರುತ್ತಿತ್ತು. ಕೇಕು ಮೂರಂತಸ್ತೂ ಉಳಿದಿರುತ್ತಿತ್ತು.

ಊರಿನ ಕಾರಿನವರಿಗೆಲ್ಲ ಛೀಮಾರಿ ಹಾಕಿದ ಪೆನ್ನು ಇನ್ನೂ ಜೇಬಿನಲ್ಲಿತ್ತು. ಸುಳ್ಳು ಹೊಗಳಿಕೆ ನುಂಗಿ ಅರಗಿಸಿಕೊಳ್ಳುವಷ್ಟು ಗಟ್ಟಿ ಹೊಟ್ಟೆ ನನ್ನದಲ್ಲ. ಬಾಗಿಲು ತೆರೆದು ಮಳೆಗೆ ಇಳಿದೆ.

“ಅಮ್ಮಾ, ನಿಮ್ಮನ್ನ ಉಳಿಸಿದ್ದು ನಾನಲ್ಲ. ನಾನು ಆರಿಸಿದ ಟೈರಾಗಿದ್ರೆ ಕಾರು ಇಲ್ಲಿ ನಿಲ್ತಿರಲಿಲ್ಲ. ಕೈ ಮುಗಿಯೋದಿದ್ರೆ ಅವಳಿಗೆ ಮುಗೀರಿ. ನಾನೂ ಅವಳಿಗೇ ಮುಗೀಬೇಕು.”

ಕೊಡೆಯಮ್ಮ ನನ್ನನ್ನೂ ಕಾರನ್ನೂ ತಮ್ಮ ಮೊಣಕಾಲನ್ನೂ ಒಂದೊಂದು ಸಲ ನೋಡಿದರು. ಅಷ್ಟರಲ್ಲಿ ಹೆಂಡತಿ, “ಪೂರ್ತಿ ನೆನೆದಿದ್ದೀರಿ, ಹತ್ತಿ. ಎಲ್ಲಿಗೆ ಹೋಗ್ಬೇಕೋ ಬಿಡ್ತೀವಿ. ಮೊದಲು ಇದನ್ನ ಗ್ರಂಥಾಲಯಕ್ಕೆ ಮುಟ್ಟಿಸಿಬಿಡ್ತೀವಿ” ಎಂದು ಕರೆದಳು.

“ಹತ್ತುತೀನಮ್ಮ,” ಎಂದರು ಆಕೆ. “ಆದ್ರೆ ಗಾಡಿ ನೀವೇ ಓಡಿಸ್ಬೇಕು.”

ಮೇಲ್ಮನವಿಗೆ ಅವಕಾಶವಿರಲಿಲ್ಲ. ಹೆಂಡತಿ ಸ್ಟಿಯರಿಂಗ್ ಒರೆಸಿ ಕೂತಳು. ಕೊಡೆಯಮ್ಮ ಮುಂದೆ. ನಾನು ಹಿಂದೆ, ಅತ್ತೆಯ ಪಕ್ಕದಲ್ಲಿ. ಅತ್ತೆ ಉಳಿದೊಂದು ಅಂತಸ್ತನ್ನು ನನ್ನ ತೊಡೆಯ ಮೇಲಿಟ್ಟು, “ನನ್ನ ಕೈ ಸೋತಿದೆ. ಉಸಿರು ಜೋರಾಗಿ ಬಿಡ್ಬೇಡಿ” ಎಂದರು.

ಕಾರು ಗುಂಯ್ ಎನ್ನುತ್ತ ಹೊರಟಿತು. ಕೇಕನ್ನು ತಬ್ಬಿಕೊಂಡು ಆ ಸದ್ದು ಕೇಳುತ್ತ ಕೂತೆ. ಮುಂದಿನ ಸೀಟಿನಲ್ಲಿ ಒಬ್ಬರು ಜೀವಂತವಾಗಿ ಸೀನುತ್ತಿದ್ದರು, ಮುರಿದ ಕೊಡೆಯ ಬಗ್ಗೆ ಗೊಣಗುತ್ತಿದ್ದರು, ಮನೆಯಲ್ಲಿ ಮಗಳು ಬೈಯುತ್ತಾಳೆ ಎನ್ನುತ್ತಿದ್ದರು. ಒಂದೊಂದು ಸೀನಿಗೂ ನನ್ನ ಎದೆ ಹಗುರಾಗುತ್ತಿತ್ತು. ಇಷ್ಟು ವರ್ಷ ಯಾರನ್ನಾದರೂ ಬೈಯದೆ ನನಗೆ ಒಂದು ಹೊತ್ತೂ ಕಳೆದದ್ದಿಲ್ಲ. ಆ ದಾರಿಯುದ್ದಕ್ಕೂ ಹುಡುಕಿದರೂ ಬೈಯಲು ನನ್ನ ಹೊರತು ಯಾರೂ ಸಿಗಲಿಲ್ಲ. ಮುಂದಿದ್ದ ಹೆಂಡತಿಯ ಹೆರಳಿನತ್ತ ನೋಡುತ್ತ, ನನ್ನ ಮಾತು ಕೇಳದೆ ಇದ್ದೆಯಲ್ಲ, ಬದುಕಿಕೊಂಡೆ ಮಾರಾಯ್ತಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಗ್ರಂಥಾಲಯದ ಸಭಾಂಗಣ ತುಂಬಿತ್ತು. ಹೆಂಡತಿ ಆ ಒಂಟಿ ಅಂತಸ್ತನ್ನು ಮೇಜಿನ ಮೇಲಿಟ್ಟು, ಮೇಲೆ ಸಕ್ಕರೆಯ ಪುಸ್ತಕ ಕೂರಿಸಿ, ನೇರವಾಗಿ ಹೇಳಿಬಿಟ್ಟಳು: “ಮೂರು ಮಾಡಿದ್ದೆ. ಎರಡು ದಾರಿಯಲ್ಲಿ ಹೋಯ್ತು. ಕ್ಷಮಿಸಿ ಅಮ್ಮ.”

ಮುಖಗಳೆಲ್ಲ ಸಪ್ಪಗಾದವು. ಅವಳ ಕೈ ಸೆರಗಿನ ತುದಿ ಹಿಂಡುತ್ತಿತ್ತು. ಆಗ ಕೊಡೆಯಮ್ಮ ನೀರು ತೊಟ್ಟಿಕ್ಕಿಸುತ್ತ ಮುಂದೆ ಬಂದರು. “ನನ್ನ ಬದಲಿಗೆ ಆ ಎರಡು ಹೋದ್ವು,” ಎಂದು ಕಥೆಯನ್ನೆಲ್ಲ ಹೇಳಿದರು. ನನ್ನ ಪಾಲನ್ನೂ ಬಿಡದೆ ಹೇಳಿದರು.

ನಿವೃತ್ತರಾಗುತ್ತಿದ್ದ ಗ್ರಂಥಪಾಲಕಿ ಎದ್ದು ಬಂದು ಕೊಡೆಯಮ್ಮನಿಗೆ ತಮ್ಮ ಶಾಲು ಹೊದಿಸಿದರು. ಮೊದಲ ತುಂಡನ್ನು ಅವರಿಗೇ ತಿನ್ನಿಸಿದರು. ತುಂಡುಗಳು ಸಣ್ಣವಾದವು, ಆದರೆ ಎಲ್ಲರಿಗೂ ಸಿಕ್ಕವು. ಬೆರಳು ನೆಕ್ಕುತ್ತ ಒಬ್ಬಾಕೆ ನನ್ನ ಹೆಂಡತಿಯ ಬಳಿ ಬಂದು, “ಮುಂದಿನ ತಿಂಗಳು ನಮ್ಮನೆಗೊಂದು ಬೇಕಿತ್ತು” ಎಂದರು.

“ಎಷ್ಟು ಅಂತಸ್ತು?”

“ಎಷ್ಟು ತಲುಪುತ್ತೋ ಅಷ್ಟು.”

ಅವಳು ಬಾಯಿ ತುಂಬ ನಕ್ಕಿದ್ದನ್ನು ಎಷ್ಟೋ ದಿನದ ಮೇಲೆ ಕಂಡೆ. ಒಲೆ ಆರುವುದಿಲ್ಲ ಎಂದು ನನಗೆ ಗೊತ್ತಾಯಿತು.

ನಾನು ಬಾಗಿಲ ಬಳಿ ಗೋಡೆಗೆ ಒರಗಿ ನಿಂತಿದ್ದೆ. ಕಿವಿಯಲ್ಲಿ ಕ್ರೀಮು, ಕಾಲರಿನಲ್ಲಿ ಜಾಮು. ತಡವಾಗಿ ಬಂದವರೊಬ್ಬರು ನನ್ನನ್ನು ನೋಡಿ ಮರುಗಿ, “ಆ ಡ್ರೈವರ್‌ಗೂ ಒಂದು ತುಂಡು ಕೊಡಿ, ಪಾಪ, ಆಗಿನಿಂದ ನಿಂತಿದ್ದಾರೆ” ಎಂದರು.

“ಅವರು ಡ್ರೈವರ್ ಅಲ್ಲ,” ಎಂದಳು ಹೆಂಡತಿ.

ನಾನು ಬೆನ್ನು ನೆಟ್ಟಗೆ ಮಾಡಿದೆ. ಅಂಕಣಕಾರ ಎಂದು ಪರಿಚಯಿಸಿದಾಗ ಕೈ ಕುಲುಕಲು ಬೇಕಾದೀತೆಂದು ಬೆರಳಿನ ಜಾಮನ್ನು ಪ್ಯಾಂಟಿಗೆ ಒರೆಸಿಕೊಂಡೆ.

“ಡ್ರೈವರ್ ನಾನು,” ಎಂದಳು ಅವಳು, ತಟ್ಟೆಯಲ್ಲಿದ್ದುದರಲ್ಲೇ ದೊಡ್ಡ ತುಂಡನ್ನು ನನಗಾಗಿ ಎತ್ತಿಕೊಳ್ಳುತ್ತ. “ಅವರು ಹಿಂದೆ ಕೂತು ಕೇಕ್ ಹಿಡ್ಕೊಂಡಿದ್ರು. ಚೆನ್ನಾಗೇ ಹಿಡ್ಕೊಂಡಿದ್ರು.”