ನಮ್ಮ ಬೋರ್‌ವೆಲ್‌ನ ದಿನದ ಅಂದಾಜು

ಮೂವತ್ತು ವರ್ಷ ಸರ್ಕಾರಿ ಕಚೇರಿಯ ಸ್ಟೋರಿನಲ್ಲಿ ಬೇಕಾದ ಸಾಮಾನಿಗೆ ಇಂಡೆಂಟ್ ಬರೆದು ನಿವೃತ್ತನಾದ ನನಗೆ ಒಂದು ಅರ್ಜಿ ತುಂಬುವುದು ಯಾವ ದೊಡ್ಡ ಮಾತು? ಬಳ್ಳಾರಿಯ ಗಾಂಧಿನಗರದ ನಮ್ಮ ಮನೆಯ ಬೋರ್‌ವೆಲ್ ನೋಂದಾಯಿಸಬೇಕೆಂದು ನೋಟೀಸು ಬಂದ ದಿನವೇ ಪೆನ್ನು ಹಿಡಿದು ಕೂತೆ. ಹೆಸರು, ವಿಳಾಸ, ಬೋರಿನ ಆಳ ಎಲ್ಲ ಸರಾಗವಾಗಿ ಹೋಯಿತು. ಕೊನೆಗೆ ‘ದಿನವೊಂದಕ್ಕೆ ಬಳಸುವ ನೀರಿನ ಅಂದಾಜು’ ಎಂಬ ಕಾಲಂ ಬಂತು.

ಸರ್ಕಾರಿ ಸೇವೆಯಲ್ಲಿ ನಾನು ಕಲಿತ ವಿದ್ಯೆ ಒಂದೇ. ಹತ್ತು ಪೆನ್ನು ಬೇಕಿದ್ದರೆ ನೂರು ಕೇಳಬೇಕು. ಮೇಲಿನವರು ಕತ್ತರಿಸಿ ಕತ್ತರಿಸಿ ಹತ್ತಕ್ಕೆ ತರುತ್ತಾರೆ. ನಮಗೆ ದಿನಕ್ಕೆ ಸಾವಿರ ಲೀಟರ್ ಸಾಕಾಗಿತ್ತು. ಹತ್ತು ಸಾವಿರ ಎಂದು ಬರೆದೆ.

“ಮನ್ಯಾಗ ಇರೋರು ಇಬ್ಬರು. ಆನಿ ಸಾಕಬೇಕಂತ ಮಾಡೀರೇನು?” ಎಂದಳು ಹೆಂಡತಿ ಪದ್ಮ.

“ನಿನಗ ಆಫೀಸಿನ ಕೆಲಸ ತಿಳಿಯಂಗಿಲ್ಲ, ಸುಮ್ನಿರು” ಎಂದೆ.

ಯಾರೂ ಕತ್ತರಿಸಲಿಲ್ಲ! ನನ್ನ ಸೇವಾವಧಿಯಲ್ಲಿ ಒಮ್ಮೆಯೂ ನಡೆಯದ ಪವಾಡ. ಹತ್ತು ಸಾವಿರವೂ ಹಾಗೇ ದಾಖಲಾಗಿ, ‘ಭಾರಿ ಬಳಕೆದಾರರು’ ಎಂಬ ಬಿರುದಿನೊಂದಿಗೆ ಮೀಟರ್ ಕೂಡಿಸಬೇಕೆಂಬ ಆಜ್ಞೆಯೂ ಬಂತು. ಪಕ್ಕದ ಮನೆಯ ಮೋಟಾರ್ ಮೆಕ್ಯಾನಿಕ್ ಮಹಬೂಬ್ ಸಾಬರೇ ಬಂದು ಕೂಡಿಸಿಕೊಟ್ಟರು.

ತಿಂಗಳಾದ ಮೇಲೆ ಅಂತರ್ಜಲ ಇಲಾಖೆಯ ಇನ್‌ಸ್ಪೆಕ್ಟರ್ ಬಂದರು. ಮೀಟರ್ ನೋಡಿದರು, ಅರ್ಜಿ ನೋಡಿದರು, ಆಮೇಲೆ ನನ್ನನ್ನು ನೋಡಿದರು.

“ಹತ್ತರಾಗ ಒಂದು ಪಾಲೂ ಮೀಟರಿನ್ಯಾಗ ಇಲ್ಲ. ಉಳಿದದ್ದು ಮೀಟರ್ ತಪ್ಪಿಸಿ ಟ್ಯಾಂಕರಿಗೆ ಮಾರ್ತೀರೇನ್ರಿ? ಹಂಗಿದ್ರ ಬೋರಿಗೆ ಸೀಲ್ ಹಾಕಬೇಕಾಗ್ತೈತಿ.”

ಅಂದಾಜು ತಪ್ಪಾಯಿತು ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಇಂಡೆಂಟ್ ತಪ್ಪೆಂದು ಒಪ್ಪಿಕೊಂಡ ಗುಮಾಸ್ತ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. “ನಾವು ಊರಾಗ ಇರಲಿಲ್ರಿ. ಮುಂದಿನ ವಾರ ಬರ್ರಿ, ಬರೋಬ್ಬರಿ ಇರ್ತದ” ಎಂದುಬಿಟ್ಟೆ.

ಮರುದಿನದಿಂದ ಮೀಟರ್ ಓಡಿಸುವುದೇ ನನ್ನ ಉದ್ಯೋಗವಾಯಿತು. ಅಂಗಳ ತೊಳೆದೆ. ಬೀದಿ ತೊಳೆದೆ. ಬೇಡ ಬೇಡವೆಂದರೂ ಮಹಬೂಬ್ ಸಾಬರ ಸ್ಕೂಟರನ್ನು ದಿನಕ್ಕೆ ಮೂರು ಸಲ ತೊಳೆದೆ.

“ಸ್ವಾಮಿ, ಬಳ್ಳಾರಿ ಬ್ಯಾಸಿಗಿ ಇದು. ನೀರು ಕೆಳಗ ಇಳದೈತಿ, ಮೋಟಾರ್ ಬಂದ್ ಮಾಡ್ರಿ” ಎಂದರು ಅವರು. ನಾನು ಮೀಟರಿನ ಅಂಕಿ ಎಣಿಸುತ್ತಿದ್ದೆ.

ಅಂಕಿ ಬೇಕಾದಲ್ಲಿಗೆ ಮುಟ್ಟಿದ ದಿನವೇ ನಲ್ಲಿ ಕೆಸರು ಉಗುಳಿ, ಗಾಳಿ ಉಗುಳಿ, ಸುಮ್ಮನಾಯಿತು. ಸುಟ್ಟ ವಾಸನೆ ಬಂತು. ಮಹಬೂಬ್ ಸಾಬರು ಮೋಟಾರ್ ಮೇಲಕ್ಕೆತ್ತಿ ನೋಡಿ, “ಇದನ್ನ ರಿಪೇರಿ ಮಾಡ್ತೀನ್ರಿ. ನೀರು ರಿಪೇರಿ ಮಾಡಾಕ ನನಗ ಬರಂಗಿಲ್ಲ” ಎಂದರು. ಇಪ್ಪತ್ತು ವರ್ಷ ನೀರು ಕೊಟ್ಟ ಬೋರು ಅದು.

ಮರುದಿನ ಇನ್‌ಸ್ಪೆಕ್ಟರ್ ಬಂದು ಲೆಕ್ಕ ಹಾಕಿದರು. “ವಾರದ ಸರಾಸರಿ ಸರಿ ಐತ್ರಿ. ಎಲ್ಲಾರೂ ನಿಮ್ಮಂಗ ಖರೇ ಬರದ್ರ ನಮಗ ತ್ರಾಸ ಇರಂಗಿಲ್ಲ” ಎಂದು ಬೋರಿನ ನೋಂದಣಿ ಪರವಾನಗಿಯನ್ನು ಕೈಗಿಟ್ಟು, ಬಿಸಿಲು ಬಹಳವೆಂದು ಒಂದು ಲೋಟ ನೀರು ಕೇಳಿದರು.

ಪದ್ಮ ಒಳಗಿನಿಂದ ಖಾಲಿ ಲೋಟ ತಂದು ನನ್ನ ಮುಂದೆ ಹಿಡಿದಳು. “ಹತ್ತು ಸಾವಿರ ಲೀಟರಿನ ಮಾಲಕರು ನೀವು. ಹೋಗಿ ಮಹಬೂಬ್ ಸಾಬರ ಮನ್ಯಾಗ ಇಸಗೊಂಡು ಬರ್ರಿ.”

ಒಂದು ಕೈಯಲ್ಲಿ ಪರವಾನಗಿ, ಇನ್ನೊಂದು ಕೈಯಲ್ಲಿ ಲೋಟ ಹಿಡಿದು ಹೋದೆ.