ಉಂಡೆಯಾದ ಉರಿ

ನನ್ನ ಮಾತಿಗೆ ಮನೆಯಲ್ಲಿ ತೂಕವಿಲ್ಲ. ಇದು ಹಳೆಯ ದೂರು. ಆದರೆ ತೂಕವೇ ಇಲ್ಲದ ಕಡೆ ಬೆಂಕಿಯ ಗತಿ ಏನಾಗುತ್ತದೆ ಎಂದು ಹೇಳಹೊರಟಾಗಲೂ ತೂಕ ಸಿಗಲಿಲ್ಲವಲ್ಲ, ಅದೇ ಸಂಕಟ.

ನಾನು ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಒಂದು ವಿಜ್ಞಾನದ ಪುಸ್ತಕದಲ್ಲಿ ‘ಜ್ವಾಲೆ ಉಂಡೆಯಾಗುತ್ತದೆ’ ಎಂದಿತ್ತು. ಟೈಪ್ ಮಾಡಿದವನ ಕೈತಪ್ಪೆಂದು ‘ಉದ್ದವಾಗುತ್ತದೆ’ ಎಂದು ತಿದ್ದಿಬಿಟ್ಟೆ. ಬರೆದ ಮೇಷ್ಟ್ರು ಓಡಿಬಂದರು. ಮೇಣದಬತ್ತಿಯಲ್ಲಿ ಉರಿಯುವುದೂ ಗ್ಯಾಸೇ, ಮೇಣದ ಆವಿ ಎಂದರು. ಬಿಸಿ ಗ್ಯಾಸು ಹಗುರ. ಭೂಮಿ ಸುತ್ತಲಿನ ತಣ್ಣನೆಯ ಗಾಳಿಯನ್ನು ಹೆಚ್ಚು ಬಲವಾಗಿ ಕೆಳಗೆಳೆಯುತ್ತದೆ, ಆ ಗಾಳಿ ಬಿಸಿಯದನ್ನು ಮೇಲಕ್ಕೆ ನೂಕುತ್ತದೆ. ಅದಕ್ಕೇ ಉರಿಗೆ ಜುಟ್ಟು. ಬೀಳುತ್ತಿರುವ ಡಬ್ಬಿಯೊಳಗೆ ತೂಕವೇ ಇಲ್ಲದಂತಾಗಿ, ಆ ನೂಕಾಟ ನಿಂತು, ಉರಿ ನೀಲಿ ಉಂಡೆಯಾಗುತ್ತದಂತೆ. ನನ್ನ ಮೈ ಜುಮ್ಮೆಂದಿತು. ಇದನ್ನು ಕಣ್ಣಾರೆ ನೋಡದೆ ಸಾಯಬಾರದು ಅನ್ನಿಸಿತು.

ಗ್ಯಾಸ್ ಒಲೆಯ ಮುಂದಿದ್ದ ಹೆಂಡತಿಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

“ಉರಿ ಮೇಲಕ್ಕಲ್ದೆ ಇನ್ನೆಲ್ಲಿಗ್ರೀ ಹೋಗುತ್ತೆ? ಹಾಲು ಉಕ್ತಾ ಇದೆ, ಸರೀರಿ” ಎಂದಳು.

ತೋರಿಸಿಯೇ ತೀರುತ್ತೇನೆಂದು ಪಣ ತೊಟ್ಟೆ. (ಪಣ ನನ್ನದು, ಪಾತ್ರೆ ಪಡಗ ಅವಳದು.) ಸಕ್ಕರೆಯ ಗಾಜಿನ ಡಬ್ಬಿ ಖಾಲಿ ಮಾಡಿಸಿ, ಒಳಗೆ ಮೇಣದಬತ್ತಿಯ ತುಂಡು ಅಂಟಿಸಿ ಹಚ್ಚಿ, ತಗಡಿನ ಮುಚ್ಚಳ ಬಿಗಿದೆ. ಮುಸ್ಸಂಜೆ. ಕೆಳಗೆ ಅಂಗಳದಲ್ಲಿ ನಮ್ಮ ಹಾಸಿಗೆ, ಪಕ್ಕದಲ್ಲಿ ಅವಳು. ಬಾಲ್ಕನಿಯಲ್ಲಿ ವಿಜ್ಞಾನಿವರ್ಯನಾದ ನಾನು. ಡಬ್ಬಿ ಒಡೆದರೆ ಅಡುಗೆಮನೆಯ ಒಂದು ಚಮಚವನ್ನೂ ಮುಟ್ಟಕೂಡದೆಂದು ಷರತ್ತು ಹಾಕಿದ್ದಳು. ಉಸಿರು ಬಿಗಿಹಿಡಿದು ಡಬ್ಬಿಯನ್ನು ಕೈಬಿಟ್ಟೆ.

ಡಬ್ಬಿ ಹಾಸಿಗೆಗೆ ಬಿದ್ದು, ಪುಟಿದು, ಮೆಟ್ಟಿಲಿಗೆ ಬಡಿದು ಚೂರಾಯಿತು. ಬೈಗುಳಕ್ಕೆ ಕಾದೆ. ಓಡಿ ಇಳಿದು ನೋಡಿದರೆ, ಅವಳು ಬಾಯ ಮೇಲೆ ಕೈಯಿಟ್ಟು ನಿಂತಿದ್ದಳು.

“ಜುಟ್ಟು ಅಡಗಿಹೋಯ್ತು ಕಣ್ರೀ” ಎಂದಳು ಮೆಲ್ಲಗೆ. “ದುಂಡಗೆ, ನೀಲಿಯಾಗಿ, ಇಷ್ಟೇ ಇಷ್ಟು. ಅದಕ್ಕೆ ಮೇಲು ಕೆಳಗು ಅನ್ನೋದೇ ಇರ್ಲಿಲ್ಲ.”

ಅವಳ ಕಣ್ಣು ತುಂಬಿತ್ತು. ಒಡೆದ ಡಬ್ಬಿಯ ಕಡೆ ತಿರುಗಿಯೂ ನೋಡಲಿಲ್ಲ. ಮದುವೆಯಾದಂದಿನಿಂದ ಅವಳು ಹೀಗೆ ಬೆರಗಾದದ್ದನ್ನು ನಾನು ಕಂಡಿರಲಿಲ್ಲ.

ಆದರೆ ಮೇಲೆ ನಿಂತಿದ್ದ ನನಗೆ ಕಂಡದ್ದೇನು? ತಗಡಿನ ಮುಚ್ಚಳ! ಇನ್ನೊಂದು ಡಬ್ಬಿ ಕೊಡೆಂದು ಗೋಗರೆದೆ. ಷರತ್ತು ಷರತ್ತೇ ಎಂದಳು.

ಮರುದಿನ ಪಕ್ಕದ ಮನೆಯಾಕೆಗೆ ಹಗುರ ಗ್ಯಾಸು, ಭಾರದ ಗಾಳಿ ಎಲ್ಲವನ್ನೂ ಕೈ ಆಡಿಸಿ ವಿವರಿಸುತ್ತಿದ್ದಳು. ಸಣ್ಣ ತಪ್ಪೊಂದನ್ನು ತಿದ್ದಲು ನಾನು ನಡುವೆ ಬಾಯಿ ಹಾಕಿದೆ.

“ನೀವು ಸುಮ್ನಿರಿ” ಎಂದಳು. “ನೋಡಿದವರು ಹೇಳ್ತಾ ಇದೀವಿ.”